ಅವ್ವನ ನೈಟಿ ತೊಟ್ಟು ಹಾಲು ಕರೆದದ್ದು

ಹೇಳಿದರೆ ನೀವು ನಂಬುವುದಿಲ್ಲ, ನಂಬಿಸುವ ಉಸಾಬರಿಯೂ ನನಗೆ ಬೇಡ. ನಮ್ಮ ಕೊಪ್ಪದಲ್ಲಿ ನೈಟಿ ತೊಟ್ಟು, ತಲೆಗೆ ಟವೆಲ್ ಸುತ್ತಿ, ಹಸುವಿನ ಹಾಲು ಕರೆದ ಮೊದಲ ಪಿಯುಸಿ ಹುಡುಗ ನಾನೇ.

ಅವ್ವ ಕಿರುಗಾವಲಿನ ತನ್ನ ತವರಿಗೆ ಹೋಗಿದ್ದಳು. ಬೆಳಿಗ್ಗೆ ಹೋಗಿ, ಸಂಜೆ ಹಾಲು ಕರೆಯುವ ಹೊತ್ತಿಗೆ ಏದುಸಿರು ಬಿಡುತ್ತಾ ವಾಪಸ್ಸು ಬರುವ ಹಾಗಲ್ಲ. ಈ ಸಲ ಒಂದು ವಾರ ಅಜ್ಜಿಯ ಜೊತೆ ಉಳಿಯಲು. ಈ ಹಸು ಮನೆಗೆ ಬಂದಮೇಲೆ ಅವಳು ತವರಲ್ಲಿ ಒಂದು ರಾತ್ರಿಯೂ ಮಲಗಿದ್ದಿಲ್ಲ. ಅದು ಅವ್ವನ ಕೈಗಲ್ಲದೆ ಬೇರೆ ಯಾರಿಗೂ ಹಾಲು ಬಿಡದು. ಅಪ್ಪ ಹತ್ತಿರ ಹೋದರೆ ಒದೆ. ಒಮ್ಮೆ ಒದ್ದ ರಭಸಕ್ಕೆ ಅಪ್ಪ ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಹೋಗಿ ಬಿದ್ದ ಅಂತ ಕಾಲೇಜಲ್ಲಿ ಹೇಳಿದ್ದೇನೆ. ನಿಜಕ್ಕೂ ಬಿದ್ದದ್ದು ತಿಪ್ಪೆಯ ಮೇಲೆ.

"ಓಗವ್ವ, ನಾವ್ ನೋಡ್ಕತೀವಿ" ಅಂತ ಅವಳನ್ನು ಬಸ್ಸು ಹತ್ತಿಸಿದ್ದು ನಾನು ಮತ್ತು ಎಂಟನೇ ಕ್ಲಾಸಿನ ನನ್ನ ತಂಗಿ.

ಮೊದಲ ಸಂಜೆಯೇ ಹಸು ಬಿಗಿದುಕೊಂಡು ನಿಂತಿತು. ತಂಗಿ ಹಿಂಡಿ ಇಟ್ಟಳು, ಮೈ ಸವರಿದಳು, ಕರು ಬಿಟ್ಟು ನೋಡಿದಳು. ಒಂದು ಲೋಟವೂ ಇಳಿಯಲಿಲ್ಲ.

"ಇದ್ಕೆ ಅವ್ವುನ್ ವಾಸ್ನೆ ಬೇಕು ಕಣಣ್ಣ. ಒಗೀದೆ ಇರೋ ನೈಟಿ ಐತೆ. ನಂಗೆ ಉದ್ದಾಯ್ತದೆ, ನೀನೇ ಆಕ್ಕ."

"ಲೇ, ಕಾಲೇಜ್ನಲ್ಲಿ ನಂಗೊಂದ್ ಮರ್ವಾದಿ ಐತೆ ಕಣೇ."

"ನಿನ್ ಮರ್ವಾದಿ ಕರ್ದು ಡೈರಿಗೆ ಆಕಕ್ಕಾಯ್ತದಾ? ಆಕ್ಕಣ್ಣ ಸುಮ್ಕೆ."

ಹಾಕಿಕೊಂಡೆ. ಹಸು ನನ್ನನ್ನು ಮೇಲಿಂದ ಕೆಳಗೆ ಮೂಸಿ, ದೊಡ್ಡದೊಂದು ನಿಟ್ಟುಸಿರು ಬಿಟ್ಟು, ಹೋಗಲಿ ಪಾಪ ಅನ್ನುವಂತೆ ಹಾಲು ಇಳಿಸಿತು. ನೋಡನೋಡುತ್ತಲೇ ಅವ್ವ ಹಾಕುತ್ತಿದ್ದಷ್ಟೇ ಹಾಲು ಡೈರಿಗೆ ಹೋಗತೊಡಗಿತು. ತಂಗಿ ಸಗಣಿ ಬಾಚಿ, ಹುಲ್ಲು ಹಾಕಿ, ಕ್ಯಾನು ತೊಳೆದಿಟ್ಟು ಶಾಲೆಗೆ ಓಡುತ್ತಿದ್ದಳು. ಫೋನು ಮಾಡಿದರೆ ಆ ಕಡೆ ಅವ್ವ, ಅಜ್ಜಿ ಇಬ್ಬರೂ ಸೇರಿ ನಗುವುದು ಕೇಳಿಸುತ್ತಿತ್ತು.

ಅಷ್ಟಕ್ಕೇ ನಾನು ಸುಮ್ಮನಿರಬೇಕಿತ್ತು. ಆದರೆ ಸರಿಯಾಗಿ ಹಾಲು ಕರೆಯುವವನನ್ನು ನೋಡಿ ಯಾರು ನಗುತ್ತಾರೆ? ನಾಲ್ಕನೇ ದಿನ ಬಕೆಟ್ಟಿಗೆ ಅಕ್ಕಿ ತೊಳೆದ ನೀರು ಸುರಿದುಕೊಂಡು, ನೈಟಿಯಲ್ಲಿ ಕೂತು, ಹಸು ಒದ್ದಹಾಗೆ ಕಿರುಚಿ, ಬಕೆಟ್ ಸಮೇತ ಅಂಗಾತ ಬಿದ್ದೆ. ಹಸು ಮೆಲುಕು ಹಾಕುವುದನ್ನೂ ನಿಲ್ಲಿಸಲಿಲ್ಲ. ತಂಗಿಯ ಕೈಲಿ ವಿಡಿಯೋ ಮಾಡಿಸಿದೆ.

"ಬ್ಯಾಡ ಕಣಣ್ಣ, ಅವ್ವ ನೋಡ್ಬುಟ್ರೆ?"

"ಅವ್ವಂಗೆಲ್ಲಿ ಸ್ಟೇಟಸ್ ನೋಡಕ್ ಬತ್ತದೆ, ಬುಡು."

ಸ್ಟೇಟಸ್ಸಿಗೆ ಹಾಕಿದೆ. ಕಾಲೇಜಿಗೆ ಕಾಲೇಜೇ ನಕ್ಕಿತು. ಅವ್ವನಿಗೆ ನೋಡಲು ಬರುತ್ತಿರಲಿಲ್ಲ, ನಿಜ. ಆದರೆ ಕಿರುಗಾವಲಿನಲ್ಲಿದ್ದ ಮಾವನ ಮಗಳಿಗೆ ಬರುತ್ತಿತ್ತು.

ಮಾರನೇ ಸಂಜೆ ನಾನು ಕರೆಯುತ್ತಾ ಕೂತಿದ್ದೆ. ಬಕೆಟ್ಟು ಅರ್ಧ ತುಂಬಿ ನೊರೆ ಏಳುತ್ತಿತ್ತು. ಕೊಟ್ಟಿಗೆಯ ಬಾಗಿಲಲ್ಲಿ ಅವ್ವ ಬಂದು ನಿಂತಳು. ಮಳವಳ್ಳಿಯಲ್ಲೊಂದು, ಮದ್ದೂರಲ್ಲೊಂದು ಬಸ್ಸು ಬದಲಾಯಿಸಿ ಬಂದ ಮುಖ. ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು.

"ಯಾಕವ್ವ ಬಂದ್ಬುಟ್ಟೆ?" ತಂಗಿಗೆ ಅಳುವೇ ಬಂದುಬಿಟ್ಟಿತ್ತು. "ಬಕೀಟ್ ನೋಡು, ಎಷ್ಟ್ ಕರ್ದವ್ನೆ! ವಿಡಿಯೋದಲ್ಲಿ ಚೆಲ್ಲಿದ್ದು ಹಾಲಲ್ಲ ಕಣವ್ವ, ಅಕ್ಕಿ ತೊಳ್ದಿದ್ ನೀರು!"

ಅವ್ವ ಬಕೆಟ್ ನೋಡಿದಳು, ನನ್ನನ್ನು ನೋಡಿದಳು. ಬೈಯಲಿಲ್ಲ, ಬೈದಿದ್ದರೆ ಅದನ್ನೂ ನಾಲ್ಕು ಜನಕ್ಕೆ ಹೇಳಿ ನಗಿಸುತ್ತಿದ್ದೆ.

"ಇನ್ನೆಲ್ಡ್ ದಿನ ಇದ್ಬುಟ್ಟು ಓಗು ಅಂತ ನಿಮ್ಮಜ್ಜಿ ಕೈ ಇಡ್ಕಂಡಿತ್ತು," ಅಂದಳು. ಬ್ಯಾಗನ್ನು ಗೂಟಕ್ಕೆ ನೇತುಹಾಕಿ, ಸೆರಗು ಸಿಕ್ಕಿಸಿಕೊಂಡಳು. "ಏಳ್ಲಾ ಮ್ಯಾಕೆ."

ಎದ್ದೆ. ಅವ್ವ ಆ ಜಾಗದಲ್ಲಿ ಕೂತು ಕರೆಯತೊಡಗಿದಳು.