ಎರಡು ದನಿಯ ಅಕ್ಕೋರು

ಭಾರತಿ ಅಕ್ಕೋರಿಗೆ ಮಕ್ಕಳ ಮೇಲೆ ನಂಬಿಕೆಯಿತ್ತು. ಪಾಠ ಹಾರಿಸಿಯೇ ಹಾರಿಸುತ್ತಾರೆಂಬ ನಂಬಿಕೆ. ಕುಮಟಾದ ಹೈಸ್ಕೂಲೊಂದರಲ್ಲಿ ಬಹುಕಾಲ ಸಮಾಜ ಕಲಿಸಿದ ಅನುಭವವದು. ೨೦೦೯ರಲ್ಲಿ, ಕಡಲಂಚಿನ ಹಳೇ ಬುರುಜಿನ ಚರಿತ್ರೆಯನ್ನು ಮೊಬೈಲಿನಲ್ಲಿ ಕೇಳಿಸುವ ಪಾಠ ಸಿದ್ಧಮಾಡುವಾಗ, ಅದರ ಸಾಫ್ಟ್‌ವೇರ್ ಬರೆಯುತ್ತಿದ್ದ ಕಾಲೇಜಿನ ಗುರುದತ್ತ ಮಾಸ್ತರಿಗೆ ತಾಕೀತು ಮಾಡಿದ್ದರು: "ಆ ಜಾಗದಲ್ಲೇ ಹೋಗಿ ನಿಂತರೆ ಮಾತ್ರ ಫೋನು ಬಾಯಿ ಬಿಡಬೇಕು ಮಾರಾಯಾ. ಕಡಲ ಬದಿ ಕೂತು ಕಡಲೆ ತಿನ್ನುತ್ತ ಕೇಳಬಾರದು."

ಗುರುದತ್ತ ಹಾಗೇ ಮಾಡಿದ. ಜಿಪಿಎಸ್ ಇದ್ದ ಫೋನು, ದಾರಿ ತೋರಿಸಿ ಜಾಗ ಮುಟ್ಟಿದ ಮೇಲೆ ಚರಿತ್ರೆ ಹೇಳುವ ಅಕ್ಕೋರ ದನಿ, ಐದು ಜಾಗ. ಕೊನೆಯದು ಬುರುಜಿನಾಚೆ, ಬಂಡೆಗಳ ನಡುವೆ, ಹಿಂದೆ ಹಡಗಿನ ಹಗ್ಗ ಬಿಗಿಯುತ್ತಿದ್ದ ತೂತುಗಲ್ಲು. ದನಿ ಮುದ್ರಿಸಿದ ದಿನ ಕಡಲು ಇಳಿದಿತ್ತು, ಚಪ್ಪಲಿಯೂ ಒದ್ದೆಯಾಗಿರಲಿಲ್ಲ.

ಮಕ್ಕಳೊಂದಿಗೆ ಪ್ರಯೋಗದ ದಿನವನ್ನೂ ಬೆಳಗಿನ ಇಳಿತ ನೋಡಿಯೇ ಇಟ್ಟದ್ದು. ಆದರೆ ನೋಡಲು ಬರಬೇಕಿದ್ದ ಅಧಿಕಾರಿಯ ಜೀಪು ಬಂದದ್ದು ಊಟ ಮುಗಿಸಿ. ಹಾರ, ಭಾಷಣಗಳ ಗಡಿಬಿಡಿಯಲ್ಲಿ ಭಾರತಿಗೆ ಕಡಲೇರುವ ಭರತಿ ಮರೆತುಹೋಯಿತು.

ಒಂಬತ್ತನೇ ತರಗತಿಯ ಧನ್ಯಾ ಫೋನನ್ನು ಕಿವಿಗೊತ್ತಿಕೊಂಡು ಎಲ್ಲರಿಗಿಂತ ಮುಂದೆ ಹೋಗಿದ್ದಳು. ಅಕ್ಕೋರು ಬುರುಜು ಹತ್ತಿ ನೋಡಿದರೆ, ಹುಡುಗಿ ಬಂಡೆಗಳ ನಡುವೆ ಮೊಣಕಾಲುಮಟ್ಟದ ನೀರಿನಲ್ಲಿ.

"ಧನ್ಯಾ, ಹಿಂದೆ ಬಾ!"

ತೆರೆಯ ಅಬ್ಬರ ಕೂಗನ್ನು ನುಂಗಿತು. ಹುಡುಗಿಯ ಕಿವಿಯಲ್ಲಿದ್ದ ಇನ್ನೊಬ್ಬ ಅಕ್ಕೋರು ಮಾತ್ರ ಸಮಾಧಾನವಾಗಿ ಹೇಳುತ್ತಲೇ ಇದ್ದರು: "ಇನ್ನೂ ಸ್ವಲ್ಪ ಮುಂದೆ ಬಾ."

ಮುಂದಿನ ತೆರೆ ಸೊಂಟಕ್ಕೆ ಬಡಿಯಿತು. ಹುಡುಗಿ ಓಲಾಡಿ ಬಂಡೆ ತಬ್ಬಿದಳು, ಫೋನು ಬಿಡಲಿಲ್ಲ.

"ಅವಳಿಗೆ ಈಜು ಬರ್ತದಾ?" ಗುರುದತ್ತ ಹಿಂದಿನಿಂದ ಕೇಳಿದ.

ಅಕ್ಕೋರು ಕೆಳಗೋಡುತ್ತ ತಮ್ಮ ಫೋನಿನಿಂದ ಧನ್ಯಾಳ ಕೈಯಲ್ಲಿದ್ದ ಫೋನಿಗೆ ಕರೆ ಮಾಡಿದರು.

"ಈಗ ಫೋನ್ ಮಾಡೂದು ಎಂತಕ್ಕೆ ಅಕ್ಕೋರೇ? ಪಾಠ ತುಂಡಾತು! ಕಲ್ಲು ಅಲ್ಲೇ ಕಾಣ್ತದೆ."

ಬೈದರೆ ಹೆದರಿ ಕಾಲು ಜಾರಿ ಬೀಳುತ್ತಾಳೆ. ಅಕ್ಕೋರು ಏದುಸಿರು ನುಂಗಿ, ಮುದ್ರಿಸಿದ ದನಿಯಷ್ಟೇ ತಣ್ಣಗೆ ಹೇಳಿದರು: "ಇದೂ ಪಾಠವೇ ಮಗಾ. ಆರನೇ ಜಾಗ. ಬಂಡೆ ಬಿಡದೇ ನನ್ನ ಕಡೆ ತಿರುಗು."

"ಆರನೇದು ಇರಲೇ ಇಲ್ಲ!"

"ಹೊಸದು. ತೆರೆ ಹೋಗಲಿ, ತಡೆ... ಹಾಂ, ಈಗ ಕಾಲಿಡು. ಮತ್ತೆ ಬಂಡೆ ಹಿಡಿ. ಮಾರ್ಕು ಉಂಟು, ಬಾ."

ಅಕ್ಕೋರೂ ಸೀರೆಯ ಸಮೇತ ನೀರಿಗಿಳಿದಿದ್ದರು. ರಟ್ಟೆ ಕೈಗೆ ಸಿಕ್ಕಿದ್ದೇ ಹುಡುಗಿಯನ್ನು ದಡಕ್ಕೆಳೆದು, ಮರಳಿನಲ್ಲಿ ಕುಸಿದು ಕೂತರು.

"ಆರನೇ ಜಾಗದಲ್ಲಿ ಎಂತ ನೋಡೂದು ಅಕ್ಕೋರೇ?"

"ಆತು. ನೋಡಿ ಆತು."

ಅಷ್ಟರಲ್ಲಿ ದಡಕ್ಕೆ ಬಂದಿದ್ದ ಅಧಿಕಾರಿ ಚಪ್ಪಾಳೆ ತಟ್ಟಿದರು. ಈ ಆರನೆಯದು ಬಹಳ ಚೆನ್ನಾಗಿದೆ, ಎಲ್ಲ ಶಾಲೆಗಳಿಗೂ ಸೇರಿಸಿ ಎಂದರು.

ಅಕ್ಕೋರು ಸೆರಗು ಹಿಂಡುತ್ತ ಗುರುದತ್ತನನ್ನು ಕರೆದರು. "ಆ ತೂತುಗಲ್ಲು ತೆಗೆ."

"ಕಲ್ಲನ್ನಾ?"

"ಫೋನಿಂದ ಮಾರಾಯಾ! ಬುರುಜಿನ ಮೇಲೆ ನಿಂತೇ ನೋಡ್ಲಿ."