ಇಳಿದ ನೀರು ಏರಲ್ಲ ಎಂದಿದ್ದ ಅಪ್ಪ

ಅಂಡಮಾನಿಗೆ ಹೋಗೋಣ ಎಂದವಳು ನಾನೇ. ಚಿತ್ರದುರ್ಗದಲ್ಲಿ ಬೆಳೆಯುತ್ತಿರುವ ನನ್ನ ಏಳು ವರ್ಷದ ಮಗಳಿಗೆ ಕೋಟೆ, ಚಂದ್ರವಳ್ಳಿ ಎರಡೂ ಬೇಸರ ತರಿಸಿದ್ದವು. ಮಕ್ಕಳು, ಮುದುಕರು ಒಟ್ಟಿಗೆ ಏನೇನು ಮಾಡಬಹುದು ಎಂದು ಮೊಬೈಲಿನಲ್ಲಿ ಹುಡುಕಿ ಪಟ್ಟಿ ಮಾಡಿಕೊಂಡಿದ್ದೆ: ಗಾಜಿನ ತಳದ ದೋಣಿಯಲ್ಲಿ ಕೂತು ಮೀನು ನೋಡುವುದು, ಮರಳಿನಲ್ಲಿ ಮನೆ ಕಟ್ಟುವುದು, ಬಂಡೆ ಸಂದಿಯಲ್ಲಿ ಏಡಿ ಹುಡುಕುವುದು. ಗಂಡನಿಗೆ ರಜೆ ಸಿಗಲಿಲ್ಲ. ನಾನು, ಮಗಳು, ನನ್ನ ಅಪ್ಪ ಮೂವರೇ ಹೊರಟೆವು.

ಅಪ್ಪ ಹೊಳಲ್ಕೆರೆ ಕಡೆಯ ನಮ್ಮೂರಿನಲ್ಲಿ ನೀರುಗಂಟಿಯಾಗಿದ್ದವನು. ಕೆರೆಯ ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹೇಳುವುದು ಅವನ ಕೆಲಸ. ಊರಿನ ಸಾಹುಕಾರನೂ ಅವನೆದುರು ನಿಂತು, "ಇವತ್ತು ನಮ್ ಕಡೆ ಬಿಡಪ್ಪ" ಅನ್ನಬೇಕಿತ್ತು. ಸಮುದ್ರ ಕಂಡ ಮೊದಲ ದಿನ ಅಪ್ಪನಿಗೆ ಅದರ ಮೇಲೆ ಕನಿಕರವೇ ಹುಟ್ಟಿತು. "ಇಷ್ಟ್ ನೀರು ಐತೆ, ಪಾಪ, ಒಂದ್ ಗದ್ದೇನೂ ಇಲ್ಲ" ಎಂದ.

ಮೂರನೆಯ ದಿನ ಬೆಳಿಗ್ಗೆ, ಕೆರೆಯ ಅಂಚಿನಲ್ಲಿ ಮಾಡುತ್ತಿದ್ದಂತೆಯೇ, ನೀರಿನ ಅಂಚಿಗೆ ಒಂದು ಕೋಲು ನೆಟ್ಟ. ಸ್ವಲ್ಪ ಹೊತ್ತಿಗೆ ನೀರು ಕೋಲು ಬಿಟ್ಟು ಹಿಂದಕ್ಕೆ ಹೋಗಿತ್ತು.

"ಇಳೀತಾ ಐತೆ ನೋಡು. ಇಳಿದ ನೀರು ಮಳೆ ಬರಾತನಕ ಏರಲ್ಲ. ಬಾ ಕೂಸೇ, ಆ ಬಂಡೆತನಕ ಹೋಗಾಣ, ಏಡಿ ತೋರಿಸ್ತೀನಿ."

ಬಂಡೆ ದೂರವೇ ಇತ್ತು, ಆದರೆ ದಾರಿಯಲ್ಲಿ ನೀರು ಪಾದ ಮುಳುಗುವಷ್ಟೂ ಇರಲಿಲ್ಲ. ನಾನೂ ಆ ಕೆರೆ ಏರಿಯ ಮೇಲೆ ಆಡಿ ಬೆಳೆದವಳಲ್ಲವೇ, ಅವನ ಮಾತಿಗೆ ಎದುರಾಡಬೇಕೆಂದು ಹೊಳೆಯಲೇ ಇಲ್ಲ. ಎಳನೀರು ಕುಡಿದು ಮರದ ನೆರಳಲ್ಲಿ ಅಡ್ಡಾದೆ. ಹಾಳು ನಿದ್ದೆ, ಹಾಗೇ ಕಣ್ಣು ಹತ್ತಿತು.

ಎಚ್ಚರವಾದಾಗ ಹೊತ್ತು ನೆತ್ತಿಗೇರಿತ್ತು, ಕೋಲು ಕಾಣಲಿಲ್ಲ. ಕೋಲಿದ್ದ ಕಡೆ ಅಲೆ ಬಡಿಯುತ್ತಿತ್ತು. ತಲೆಯೆತ್ತಿದರೆ, ಬಂಡೆಗೂ ದಡಕ್ಕೂ ನಡುವೆ ಅಪ್ಪ ಎದೆಮಟ್ಟದ ನೀರಿನಲ್ಲಿ ನಿಂತಿದ್ದಾನೆ, ಹೆಗಲ ಮೇಲೆ ನನ್ನ ಮಗಳು. ಮುಂದೆ ಬರುತ್ತಿಲ್ಲ, ಹಿಂದೆಯೂ ಹೋಗುತ್ತಿಲ್ಲ. ಓಡಿ ನೀರಿಗೆ ಬಿದ್ದೆ, ಒಂದು ಅಲೆ ನನ್ನನ್ನು ಎತ್ತಿ ಮರಳಿಗೆ ಕುಕ್ಕಿತು.

ಬಾಡಿಗೆ ದೋಣಿಯವನು ನನಗಿಂತ ಮೊದಲೇ ನೋಡಿದ್ದ. ಅವನೇ ಹುಟ್ಟು ಹಾಕಿಕೊಂಡು ಹೋಗಿ ಇಬ್ಬರನ್ನೂ ದಡಕ್ಕೆ ತಂದ.

"ಅಮ್ಮಾ, ತಾತ ನಡುಗ್ತಿದ್ರು" ಎಂದಳು ಮಗಳು. ಅವಳನ್ನು ತಬ್ಬಿಕೊಂಡೇ ಅಪ್ಪನ ಮೇಲೆ ಹರಿಹಾಯ್ದೆ.

"ಬುದ್ಧಿ ಐತಾ ನಿನಗೆ? ನೀರಿನ ವಿಚಾರ ಏನ್ ಗೊತ್ತು ನಿನಗೆ?"

ಸುತ್ತ ಜನ ನೋಡುತ್ತಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನನ್ನ ಬಾಯಿಗೆ ಹೆದರಿಯೇ ಅವ್ವ ಹೇಳುತ್ತಿದ್ದಳು. ಅಪ್ಪ ಟವೆಲ್ ಹಿಂಡುತ್ತಾ ಕುಳಿತ. ಹಿಂಡಿದ್ದನ್ನೇ ಮತ್ತೆ ಮತ್ತೆ ಹಿಂಡಿದ.

ಇಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ ಎಂದು ದೋಣಿಯವನು ಹಿಂದಿಯಲ್ಲಿ ಹೇಳಿದ್ದನ್ನು ನಾನು ಅಪ್ಪನಿಗೆ ಹೇಳಿದೆ. ಅವನ ಕೈ ನಿಂತಿತು.

"ಮಳೆ ಇಲ್ದೇನೆ?" ಎಂದ. ಆಮೇಲೆ ಬಹಳ ಮೆಲ್ಲಗೆ, "ಹಂಗಾರೆ ಇದರ ತೂಬು ಯಾರ ಕೈಯಾಗೈತೆ?"

ನಾನು ಮಗಳ ಒದ್ದೆ ಬಟ್ಟೆ ಬದಲಿಸತೊಡಗಿದೆ.

ಮರುದಿನ ಅಪ್ಪ ಕೋಣೆ ಬಿಟ್ಟು ಬರಲೊಲ್ಲೆ ಎಂದ. ಮರಳಿನ ಮನೆ ಕಟ್ಟಬೇಕೆಂದು ಮಗಳು ಹಟ ಹಿಡಿದು ಎಳೆತಂದಳು. ನೀರು ಅಷ್ಟು ದೂರದಲ್ಲಿತ್ತು, ಆದರೂ ಮರಳು ಶುರುವಾಗುವ ಕಡೆಯೇ ಅವನು ನಿಂತುಬಿಟ್ಟ. ಮೊಮ್ಮಗಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದ. ಇಡೀ ಊರು ಯಾರನ್ನು ಕೇಳಿ ನೀರು ಮುಟ್ಟುತ್ತಿತ್ತೋ ಆ ಮನುಷ್ಯ ನನ್ನ ಮುಖ ನೋಡಿದ.

"ಇಲ್ಲಿ ನಿಂತ್ಕಬೌದೇನವ್ವಾ?"

ನಾನು ಹೋಗಿ ಅವನ ಪಕ್ಕದಲ್ಲೇ ನಿಂತೆ.