ಲ್ಯಾಪ್‌ಟಾಪಿನ ಕಳ್ಳನನ್ನು ನಾನು ಹಿಡಿದದ್ದು

ನಾನು ಟೈಪಿಸ್ಟ್. ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಒಂದು ಓಣಿಯಲ್ಲಿ, ವಕೀಲರೊಬ್ಬರ ಆಫೀಸಿನಲ್ಲಿ ಕೂತು ಹತ್ತೊಂಬತ್ತು ವರ್ಷದಿಂದ ಊರವರ ಜಗಳಗಳನ್ನು ಕನ್ನಡದಲ್ಲಿ ಟೈಪ್ ಮಾಡುತ್ತಿದ್ದೇನೆ. ಕಂಪ್ಯೂಟರಿನ ಹೊಟ್ಟೆಯಲ್ಲಿ ಏನಿರುತ್ತದೆ ಎಂದು ನನಗೆ ಯಾರೂ ಹೇಳಿಕೊಟ್ಟಿಲ್ಲ. ಅನುಮಾನಪಡುವುದನ್ನು ಮಾತ್ರ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗ್ಯಾಸ್ ಸಿಲಿಂಡರ್ ತಂದವನನ್ನೂ ಯಾವ ಊರು, ಯಾರ ಪೈಕಿ ಎಂದು ಕೇಳದೆ ನಾನು ಒಳಗೆ ಬಿಟ್ಟವಳಲ್ಲ.

ಕಮಲಾಪುರದ ಕನ್ನಡ ಶಾಲೆಯ ಟೀಚರ್ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದದ್ದು ನಾನು ಹೆಂಗಸು ಎಂಬ ಕಾರಣಕ್ಕೆ. ಅವರನ್ನು ನಾನು ಆಪಾ, ಅಂದರೆ ಅಕ್ಕ, ಎನ್ನುತ್ತೇನೆ. ಅವರ ತಾಯಿಗೆ ಬೀಸುವ ಕಲ್ಲಿನ ಮುಂದೆ ಹಾಡುವ ದಖನಿ ಉರ್ದು ಹಾಡುಗಳು ರಾಶಿ ರಾಶಿ ಬರುತ್ತಿದ್ದವು. ಅವನ್ನು ಕನ್ನಡ ಅಕ್ಷರದಲ್ಲಿ ಪುಸ್ತಕ ಮಾಡಬೇಕು, ಮನೆಯ ಮಕ್ಕಳು ಸರಾಗವಾಗಿ ಓದುವುದು ಅದನ್ನೇ ಎಂದು ಆಪಾ ಹೇಳಿದರು. ತಾಯಿ ಮಾತ್ರ ಫೋನಿನಲ್ಲಿ ರೆಕಾರ್ಡ್ ಮಾಡಲು ಬಿಡುತ್ತಿರಲಿಲ್ಲ.

"ದನಿ ಫೋನಿನ್ಯಾಗ ಹೋದ್ರ ಓಣಿ ಗಂಡಸರೆಲ್ಲಾ ಕೇಳ್ತಾರ ಅಂತಾರ್ರಿ," ಎಂದರು ಆಪಾ. "ಬರಕೊಳ್ಳೋಣ ಅಂದ್ರ ನಡುವ ನಿಂದ್ರಂಗಿಲ್ಲ. ನಿಂತ್ರ ಹಾಡು ಮರೀತಾರ. ನಿಮ್ಮಂಗ ಜಲ್ದಿ ಬಡಿಯೋರು ಬೇಕಾಗ್ಯಾರ."

ಹೀಗೆ ನಾಲ್ಕು ಭಾನುವಾರ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ಕಮಲಾಪುರಕ್ಕೆ ಹೋದೆ. ಒಳಮನೆಯಲ್ಲಿ ಬಾಗಿಲು ಹಾಕಿಕೊಂಡು ಆ ತಾಯಿ ಕಣ್ಣು ಮುಚ್ಚಿ ಹಾಡಿದರು, ನಾನು ಬಡಿದೆ. ಬರುವಾಗ ಪ್ರತಿ ಸಲ ಒಂದು ಡಜನ್ ಕೆಂಪು ಬಾಳೆಹಣ್ಣು ನನ್ನ ಚೀಲಕ್ಕೆ ಬೀಳುತ್ತಿತ್ತು. ಒಟ್ಟು ನಲವತ್ತೊಂದು ಹಾಡಾದವು. ಎರಡು ತಿಂಗಳಿಗೆ ತಾಯಿ ತೀರಿಕೊಂಡರು. ಆಮೇಲೆ ಆ ಹಾಡುಗಳು ಇದ್ದದ್ದು ನನ್ನ ಲ್ಯಾಪ್‌ಟಾಪಿನಲ್ಲಿ ಮತ್ತು ನಾನು ಆಪಾಗೆ ಮಾಡಿಕೊಟ್ಟ ಪೆನ್‌ಡ್ರೈವಿನಲ್ಲಿ ಮಾತ್ರ. ಬರಸಿಗೆ, ಅಂದರೆ ತಾಯಿ ತೀರಿ ವರ್ಷ ತುಂಬುವ ದಿನಕ್ಕೆ, ಪುಸ್ತಕ ಕೈಗೆ ಬರಬೇಕೆಂದು ಆಪಾ ಒಂದು ಪ್ರೆಸ್ಸಿನವರ ಹತ್ತಿರ ಮಾತಾಡಿದ್ದರು.

ಅಷ್ಟರಲ್ಲಿ ನನ್ನ ಲ್ಯಾಪ್‌ಟಾಪ್ ನಿಧಾನವಾಯಿತು. ಕಂಪ್ಯೂಟರಿನ ಕಸ ಗುಡಿಸುವ ಒಂದು ಸಾಫ್ಟ್‌ವೇರ್ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕಿತು, ಇಳಿಸಿಕೊಂಡೆ. ಅದಾದ ಮೇಲೆ ಲ್ಯಾಪ್‌ಟಾಪ್ ಇನ್ನೂ ನಿಧಾನವಾಗಿ, ರೊಟ್ಟಿಯ ಹಂಚಿನಂತೆ ಕಾಯತೊಡಗಿತು. ಪುಕ್ಕಟೆ ಬಂದ ಆ ಸಾಫ್ಟ್‌ವೇರನ್ನು ನಾನು ಅನುಮಾನಿಸಲಿಲ್ಲ. ಅದು ದಿನಾ ಬೆಳಿಗ್ಗೆ ನನಗೆ ಗುಡ್ ಮಾರ್ನಿಂಗ್ ಹೇಳುತ್ತಿತ್ತು.

ಕಾರಣ ಹುಡುಕುತ್ತ ಒಂದು ಲೇಖನ ಓದಿದೆ. ಮಾಲ್‌ವೇರ್ ಎಂಬ ಕಳ್ಳ ಪ್ರೋಗ್ರಾಮು ಮಾರುವೇಷದಲ್ಲಿ ಬರುತ್ತದಂತೆ, ವಿಂಡೋಸಿನ ಸ್ವಂತ ಆಳುಗಳ ಹೆಸರಿಟ್ಟುಕೊಂಡು ಅವರ ನಡುವೆಯೇ ಕೂರುತ್ತದಂತೆ. ಟಾಸ್ಕ್ ಮ್ಯಾನೇಜರ್ ತೆಗೆದರೆ ಒಳಗೆ ಯಾರ್‍ಯಾರು ಕೆಲಸ ಮಾಡುತ್ತಿದ್ದಾರೆ ಎಂಬ ಪಟ್ಟಿ ಸಿಗುತ್ತದೆ. ನಾನು ತೆಗೆದೆ. ಎಸ್‌ವಿಸಿ ಹೋಸ್ಟ್ ಎಂಬ ಒಂದೇ ಹೆಸರಿನವರು ಇಪ್ಪತ್ತನಾಲ್ಕು ಜನ ಕೂತಿದ್ದರು. ಒಬ್ಬನನ್ನು ನಿಲ್ಲಿಸಿದೆ, ಲ್ಯಾಪ್‌ಟಾಪಿನ ಸೌಂಡ್ ಹೋಯಿತು. ಇನ್ನೊಬ್ಬನನ್ನು ನಿಲ್ಲಿಸಿದೆ, ಇಂಟರ್‌ನೆಟ್ ಹೋಯಿತು. ಬಂದ್ ಮಾಡಿ ಚಾಲೂ ಮಾಡಿದ ಮೇಲೆ ಎಲ್ಲರೂ ವಾಪಸ್ ಬಂದರು. ದುಡಿಯುವ ಮಂದಿ, ಮನೆಯವರೇ ಇರಬೇಕು ಎಂದು ಇಪ್ಪತ್ತನಾಲ್ಕೂ ಜನರನ್ನು ಬಿಟ್ಟುಬಿಟ್ಟೆ.

ಪಟ್ಟಿಯ ಕೆಳಗೆ ಮಾತ್ರ ಒಬ್ಬ ಒಂಟಿಯಾಗಿ ಕೂತಿದ್ದ. ಹೆಸರು ಬಾಯಲ್ಲಿ ಹೊರಳುವಂಥದ್ದಲ್ಲ. ಕಂಪನಿಯ ಹೆಸರಿಲ್ಲ, ಸಹಿ ಇಲ್ಲ. ನನ್ನ ಪುಕ್ಕಟೆ ಸಾಫ್ಟ್‌ವೇರ್ ಕೂಡ ಅವನ ಮೇಲೆ ಕೆಂಪು ಗುರುತು ಹಾಕಿ, ಇವನು ನೀವು ಒತ್ತುವ ಒಂದೊಂದು ಅಕ್ಷರವನ್ನೂ ನಡುವೆ ನಿಂತು ಹಿಡಿಯುತ್ತಿದ್ದಾನೆ ಎಂದು ಹೇಳಿತು. ಲೇಖನದಲ್ಲಿ ಪಾಸ್‌ವರ್ಡ್ ಕಳ್ಳರ ಲಕ್ಷಣ ಎಂದು ಬರೆದದ್ದೂ ಅದನ್ನೇ. ಅವನನ್ನು ನಿಲ್ಲಿಸಿದೆ. ಅವನ ಫೋಲ್ಡರನ್ನು, ಅವನ ಜೊತೆ ಬಂದಿದ್ದ ಸರಂಜಾಮನ್ನೆಲ್ಲ ಗುಡಿಸಿ ಹಾಕಿದೆ. ಆ ದಿನ ನನಗೆ ನನ್ನ ಬಗ್ಗೆ ಬಹಳ ಅಭಿಮಾನವಿತ್ತು.

ಮರುದಿನ ಪ್ರೆಸ್ಸಿಗೆ ಕಳಿಸಲು ಹಾಡುಗಳ ಫೈಲು ತೆಗೆದೆ. ಒಂದೇ ಒಂದು ಕನ್ನಡ ಅಕ್ಷರವಿರಲಿಲ್ಲ. ಇಂಗ್ಲಿಷಿನ ತುಂಡು ಅಕ್ಷರಗಳು, ಪೌಂಡಿನ ಗುರುತು, ತಲೆಯ ಮೇಲೆ ಗೆರೆ ಎಳೆದುಕೊಂಡ ಎ, ಇಂಥವೇ ಎಂಬತ್ತು ಪುಟ. ಕಳ್ಳರು ಸಿಟ್ಟಿಗೆ ಫೈಲುಗಳನ್ನು ಕಲಸಿ ಬೀಗ ಹಾಕುತ್ತಾರೆ ಎಂದೂ ಲೇಖನದಲ್ಲಿತ್ತು. ಆಪಾಗೆ ಫೋನ್ ಮಾಡಿ, ಪೆನ್‌ಡ್ರೈವ್ ತೆಗೆದುಕೊಂಡು ಬನ್ನಿ ಎಂದೆ.

ಬಂದರು. ಪೆನ್‌ಡ್ರೈವ್ ಚುಚ್ಚಿದರೆ ಅದರಲ್ಲೂ ಅದೇ ಗೆರೆ ಎಳೆದುಕೊಂಡ ಎ. ವಕೀಲರ ಕಂಪ್ಯೂಟರಿಗೆ ಅದನ್ನು ಹಾಕಿ ನೋಡುವ ಧೈರ್ಯ ನನಗಿರಲಿಲ್ಲ.

"ಈ ಪೆನ್‌ಡ್ರೈವ್ ಸಾಲ್ಯಾಗಿನ ಕಂಪ್ಯೂಟರಿಗೆ ಹಾಕಿದ್ರೇನ್ರಿ?" ಎಂದು ಕೇಳಿದೆ.

"ಒಮ್ಮೆ ಹಾಕೀನ್ರಿ. ಮಕ್ಕಳ ಹಾಜರಿ ತಗೊಂಡು ನಿಮ್ಮ ಹತ್ರನೇ ಪ್ರಿಂಟಿಗೆ ತಂದಿದ್ನಲ್ರಿ."

"ಹಂಗಾದ್ರ ರೋಗ ಅಲ್ಲಿಂದ ಬಂದದ ಆಪಾ. ನಿಮ್ಮ ಕೈಯಿಂದ್ಲೇ ಆಗ್ಯದ."

ಹಾಗೆ ಅಂದೆ. ಇವತ್ತಿಗೂ ಆ ಮಾತು ನೆನೆದರೆ ನನಗೆ ನಾಚಿಕೆಯಾಗುತ್ತದೆ. ಆಪಾ, ತಾಯಿಯನ್ನು ಎರಡನೇ ಸಲ ತಾನೇ ಕಳೆದುಕೊಂಡೆ ಎನ್ನುವ ಮುಖ ಹೊತ್ತು, ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡು ಆ ಕಸವನ್ನೇ ಓದತೊಡಗಿದರು. ಓದಲು ಅಲ್ಲಿ ಏನೂ ಇರಲಿಲ್ಲ, ಆದರೂ ಪುಟ ಸರಿಸುತ್ತ ಹೋದರು. ನಾನು ಚಹಾ ತರಿಸಿದೆ. ಅವರು ಮುಟ್ಟಲಿಲ್ಲ.

ಹತ್ತು ನಿಮಿಷವಾದ ಮೇಲೆ ಪರದೆಯ ಮೇಲೆ ಬೆರಳಿಟ್ಟರು. "ಅಕ್ಕಾ, ಈ ಸಾಲಿನ ಕೊನಿ ನೋಡ್ರಿ. ಇದರ ಕೊನಿನೂ ನೋಡ್ರಿ. ಒಂದ ಸಾಲು ಬಿಟ್ಟು ಒಂದ ಸಾಲು ಒಂದೇ ಥರಾ ಅದಾವ. ಇದು ಅಮ್ಮಾನ ಪಲ್ಲವಿ ರೀ. ಕೆಡಿಸಿದಾಂವ ಪಲ್ಲವಿ ಯಾಕ ಬಿಡ್ತಾನ?"

ಪ್ರೆಸ್ಸಿನವರಿಗೆ ಫೋನ್ ಹಚ್ಚಿದೆ. ಅವರು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ.

"ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ತೆಗದು ಒಗದೀರಿ ನೀವು," ಎಂದರು. "ಇಂಗ್ಲಿಷ್ ಕೀ ಒತ್ತಿದ್ರ ಅದನ್ನ ನಡುವ ಹಿಡದು ಕನ್ನಡ ಮಾಡಿ ಕೊಡೋದೇ ಅದರ ಕೆಲಸ ರೀ ಬಾಯಾರ. ಅದರ ಕೂಡ ಬಂದ ಫಾಂಟ್ ಹೋದ್ರ ಹಳೀ ಫೈಲು ಹಿಂಗೇ ಕಾಣಸ್ತದ. ಮತ್ತ ಹಾಕ್ರಿ."

"ಮತ್ತ ಲ್ಯಾಪ್‌ಟಾಪ್ ಯಾಕ ಕಾಯಾಕತ್ತದ? ಎಸ್‌ವಿಸಿ ಹೋಸ್ಟ್ ಅನ್ನೋರು ಇಪ್ಪತ್ನಾಕು ಮಂದಿ ಅದಾರ, ಮನಿಯವರ ಅಂತ ಬಿಟ್ಟೀನಿ."

"ಹೆಸರು ಕೇಳಿ ಬಿಡಬ್ಯಾಡ್ರಿ, ಮನಿ ಎಲ್ಲಿ ಅಂತ ಕೇಳ್ರಿ. ಒಬ್ಬೊಬ್ಬನ ಮ್ಯಾಲೂ ಬಲಗಡಿ ಕ್ಲಿಕ್ ಮಾಡ್ರಿ, ಫೈಲ್ ಎಲ್ಲದ ಅಂತ ತೋರಸ್ತದ. ವಿಂಡೋಸ್ ಫೋಲ್ಡರಿನ್ಯಾಗ ಸಿಸ್ಟಮ್ ಥರ್ಟಿಟೂ ಅಂತ ಒಂದು ಓಣಿ ಅದ. ಎಸ್‌ವಿಸಿ ಹೋಸ್ಟ್ ಅನ್ನಾಂವ ಅಲ್ಲೇ ಇರಬೇಕು."

ಸಿಲಿಂಡರಿನವನಿಗೆ ಕೇಳುವ ಪ್ರಶ್ನೆಯನ್ನು ನಾನು ಇವರಲ್ಲಿ ಯಾರಿಗೂ ಕೇಳಿರಲಿಲ್ಲ. ಆಪಾ ಪಕ್ಕದಲ್ಲಿ ಕೂತಿದ್ದಂತೆ ಒಬ್ಬೊಬ್ಬನನ್ನೇ ವಿಚಾರಿಸಿದೆ. ಇಪ್ಪತ್ತಮೂರು ಜನ ಅದೇ ಓಣಿಯವರು. ಇಪ್ಪತ್ತನಾಲ್ಕನೆಯವನು ಇದ್ದದ್ದು ನಾನೇ ಇಳಿಸಿಕೊಂಡಿದ್ದ ಆ ಪುಕ್ಕಟೆ ಸಾಫ್ಟ್‌ವೇರಿನ ಫೋಲ್ಡರಿನಲ್ಲಿ. ಲ್ಯಾಪ್‌ಟಾಪಿನ ಮುಕ್ಕಾಲು ಶಕ್ತಿಯನ್ನು ಅವನೊಬ್ಬನೇ ತಿನ್ನುತ್ತಿದ್ದ. ಅವನನ್ನೂ ಆ ಸಾಫ್ಟ್‌ವೇರನ್ನೂ ಹೊರಗೆ ಹಾಕಿದೆ. "ರೋಗ ನನ್ನ ಕೈಯಿಂದ ಬಂದದ ಆಪಾ, ನಿಮ್ಮ ಕೈಯಿಂದಲ್ಲ. ತಪ್ಪಾಯ್ತು ರೀ," ಎಂದೆ. ಅವರು ತಲೆಯಾಡಿಸಿದರು, ಕಣ್ಣು ಮಾತ್ರ ಫೈಲಿನ ಮೇಲಿತ್ತು.

ಕನ್ನಡದ ಸಾಫ್ಟ್‌ವೇರ್ ಮತ್ತೆ ಹಾಕಿದೆ. ಫೈಲು ತೆಗೆದಾಗ ನಲವತ್ತೊಂದು ಹಾಡೂ ಕನ್ನಡದಲ್ಲಿ ನಿಂತಿದ್ದವು. ನನಗೆ ಅಳು ಬಂತು. ಆಪಾ ಅಳಲಿಲ್ಲ, ಮೊದಲ ಸಾಲಿನಿಂದ ಸಣ್ಣ ದನಿಯಲ್ಲಿ ಓದುತ್ತ ಹೋದರು. ಮೂರನೇ ಹಾಡಿನ ನಡುವೆ ನಿಂತರು. ನಾನು ಕಿವಿಗೆ ಬಿದ್ದದ್ದನ್ನೆಲ್ಲ ಬಡಿಯುವವಳು, ಹಾಡು ಯಾವುದು ಮಾತು ಯಾವುದು ಎಂದು ಆ ದಿನ ಬೇರೆ ಮಾಡಿರಲಿಲ್ಲ. ಅಲ್ಲಿ ಒಂದು ಸಾಲಿತ್ತು: ಚಾ ಠಂಡಿ ಹೋರೈ ಬೇಟಿ, ಪೈಲೇ ಪೀಲೇ. ಚಹಾ ಆರುತ್ತಿದೆ ಮಗಳೇ, ಮೊದಲು ಕುಡಿ.

"ತೆಗೀಲೇನ್ರಿ ಇದನ್ನ?" ಎಂದೆ.

"ಬ್ಯಾಡ್ರಿ." ಆ ಸಾಲನ್ನು ಇನ್ನೊಮ್ಮೆ ಓದಿ ಕೇಳಿದರು. "ಇದು ನಿಮಗ ಅಂದಿದ್ದೇನ್ರಿ ಅಕ್ಕಾ, ನನಗ?"

ಆ ಭಾನುವಾರ ಆಪಾ ಅಡುಗೆಮನೆಯಲ್ಲಿದ್ದರು. ಚಹಾದ ಕಪ್ಪು ನನ್ನ ಮೊಣಕೈ ಹತ್ತಿರ ಇತ್ತು. ಆ ತಾಯಿ ಹಾಡು ನಿಲ್ಲಿಸಿ, ಕಣ್ಣು ತೆರೆದು, ನನ್ನನ್ನೇ ನೋಡಿ ಹಾಗೆ ಅಂದದ್ದು ನನಗೆ ಚೆನ್ನಾಗಿ ನೆನಪಿತ್ತು.

"ನಿಮಗ ರೀ ಆಪಾ," ಎಂದೆ.